ಕುದುರೆ ಸಮೇತ ಒಂದು ಪಿಸ್ತೂಲು

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇನ್ನೊಬ್ಬರು ಇದನ್ನೇ ನನ್ನ ಮುಖದ ಮೇಲೆ ಹೇಳುತ್ತಾರೆ, ಆಗ ನೀವು ಅವರ ಕಡೆ ಸೇರಿಕೊಳ್ಳಬಾರದು. ನಮ್ಮವರಿಗೆ ಕೋಪವೇ ಇಲ್ಲ. ಆ ಜಾಗದಲ್ಲಿ ದೇವರು ಭಯ ತುಂಬಿಸಿ ಕಳಿಸಿದ್ದಾನೆ. ದೀಪಾವಳಿಗೆ ನೆಲಚಕ್ರ ಹಚ್ಚಿದರೂ ಮಂಚ ಹತ್ತಿ ಕೂರುತ್ತಾರೆ. ಕುಕ್ಕರ್ ಎರಡು ಸಲ ಕೂಗಿದರೆ ಮೂರನೆಯದು ಬರುವುದರೊಳಗೆ ಹಿತ್ತಲಲ್ಲಿ ನಿಂತಿರುತ್ತಾರೆ. ಇಂಥ ನಾವಿಬ್ಬರು ಸೇರಿಕೊಂಡು ಒಂದು ಹಳೆಯ ಪಿಸ್ತೂಲು ಕೊಂಡೆವು.

ನಮ್ಮದು ಕಡೂರಿನಲ್ಲಿ ಸಣ್ಣದೊಂದು ಬೆಳ್ಳಿ ಬಂಗಾರದ ಅಂಗಡಿ. ಅವರು ಕೆಲಸ ಮಾಡುತ್ತಾರೆ, ನಾನು ಗಿರಾಕಿಗಳ ಹತ್ತಿರ ಮಾತಾಡುತ್ತೇನೆ. ನನ್ನ ತವರು ಅಜ್ಜಂಪುರ. ವಾರಕ್ಕೊಂದು ಸಲ ಸಂತೆಯ ದಿನ ಅವರು ಕಾಲುಂಗುರ, ಗೆಜ್ಜೆ, ಮಕ್ಕಳ ಕಡಗ ಎಲ್ಲ ಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಹೋಗಿ, ನಮ್ಮಣ್ಣನ ಮನೆ ಜಗಲಿಯಲ್ಲಿ ಕೂತು ವ್ಯಾಪಾರ ಮಾಡಿಕೊಂಡು ಬರುವುದು ರೂಢಿ. ಕೆಲವು ವರ್ಷಗಳ ಹಿಂದೆ ಬೀರೂರಿನಲ್ಲಿ ಬಸ್ಸು ಬದಲಾಯಿಸುವಾಗ ಯಾರೋ ಒಬ್ಬ ಅವರ ಕೈಯಿಂದ ಚೀಲ ಕಿತ್ತುಕೊಂಡು ಓಡಿದ. ಅವರ ಹತ್ತಿರ ಎರಡು ಚೀಲ ಇದ್ದವು. ಕಳ್ಳನಿಗೆ ಸಿಕ್ಕಿದ್ದು ಊಟದ ಚೀಲ. ಅದರಲ್ಲಿ ಮೂರು ಚಪಾತಿ, ಹುರುಳಿಕಾಳು ಪಲ್ಯ, ಎರಡು ಬಾಳಕದ ಮೆಣಸಿನಕಾಯಿ ಇದ್ದವು. ಬೆಳ್ಳಿ ಅಷ್ಟೂ ಉಳಿದಿತ್ತು. ನನಗೆ ಸಿಟ್ಟು ಬಂದದ್ದು ಕಳ್ಳನ ಮೇಲಲ್ಲ. ಯಾಕೆ ಕೂಗಲಿಲ್ಲ ಅಂತ ಕೇಳಿದೆ. ಕೂಗಿದರೆ ಅವನು ವಾಪಸ್ ಬಂದುಬಿಟ್ಟರೆ ಏನು ಮಾಡುವುದು ಅಂದರು.

ಅವತ್ತೇ ತೀರ್ಮಾನ ಮಾಡಿದೆ, ಈ ಮನುಷ್ಯನ ಸೊಂಟದಲ್ಲಿ ಒಂದು ಪಿಸ್ತೂಲು ಇರಲೇಬೇಕು. ಹಾರಿಸುವುದು ಆಮೇಲಿನ ಮಾತು, ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು. ಅಂಗಡಿ ಅವರ ಹೆಸರಿನಲ್ಲಿದ್ದ ಕಾರಣ ಲೈಸೆನ್ಸಿಗೆ ಅರ್ಜಿಯೂ ಅವರ ಹೆಸರಿನಲ್ಲೇ ಹೋಯಿತು. ಅರ್ಜಿ ಬರೆದದ್ದು ನಾನು, ಕಚೇರಿಗೆ ಅಲೆದದ್ದು ನಾನು, ಪೊಲೀಸರು ವಿಚಾರಣೆಗೆ ಬಂದಾಗ ಉತ್ತರ ಕೊಟ್ಟದ್ದೂ ನಾನು. ನಮ್ಮವರು ಸಹಿ ಹಾಕಿದರು, ತರಬೇತಿಗೆ ಕರೆದಾಗ ಕಿವಿಗೆ ಹತ್ತಿ ತುರುಕಿಕೊಂಡು ಹೋಗಿ ಬಂದರು. ಕೊನೆಗೂ ಲೈಸೆನ್ಸ್ ಕೈಗೆ ಬಂದ ದಿನ ನಾನು ಕೇಸರಿಬಾತ್ ಮಾಡಿದೆ. ಅವರಿಗೆ ಅವತ್ತು ಊಟ ಸೇರಲಿಲ್ಲ.

ಜಿಲ್ಲಾ ಕೇಂದ್ರದ ಕೋವಿ ಅಂಗಡಿಗೆ ಹೋದರೆ ಹೊಸ ಪಿಸ್ತೂಲಿನ ಬೆಲೆ ಕೇಳಿ ನನ್ನ ಕೋಪವೇ ಅರ್ಧ ಇಳಿಯಿತು. ಅಂಗಡಿಯವರು ಒಳ್ಳೆಯವರು. ತರೀಕೆರೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ಅವರ ಹತ್ತಿರ ಹಳೇ ಮಾಡೆಲ್ಲಿನ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿದೆ, ಕಂಡೀಷನ್ ಚೆನ್ನಾಗಿದೆ, ಮಾರುತ್ತೇನೆ ಅನ್ನುತ್ತಾರೆ, ಆದರೆ ಕೊಳ್ಳೋಕೆ ಹೋದವರನ್ನೆಲ್ಲ ಬೈದು ಕಳಿಸುತ್ತಾರೆ, ನೀವೂ ಒಂದು ಸಲ ನೋಡಿ ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮವರು ಬಹಳ ಹೊತ್ತು ಯೋಚನೆ ಮಾಡಿ, ಸೆಮಿ ಆಟೋಮ್ಯಾಟಿಕ್ ಅಂದರೆ ನಮ್ಮ ಮನೆಯದರ ಥರಾನೇನಾ ಅಂತ ಕೇಳಿದರು. ನಮ್ಮ ಮನೆಯಲ್ಲಿ ಇರುವ ಸೆಮಿ ಆಟೋಮ್ಯಾಟಿಕ್ ಬಟ್ಟೆ ಒಗೆಯುವ ಮೆಷೀನು. ಈ ಕಡೆ ತೊಟ್ಟಿಯಲ್ಲಿ ಒಗೆದದ್ದನ್ನು ನಾವೇ ಎತ್ತಿ ಆ ಕಡೆ ತೊಟ್ಟಿಗೆ ಹಾಕಬೇಕು. ಅದು ಅರ್ಧ ಕೆಲಸವನ್ನು ತಾನೇ ಮಾಡುತ್ತದೆ, ಇದೂ ತನ್ನಷ್ಟಕ್ಕೆ ತಾನೇ ಅರ್ಧ ಹಾರಿಬಿಟ್ಟರೆ ಗತಿಯೇನು ಅನ್ನುವುದು ಅವರ ಚಿಂತೆ. ಒಂದು ಸಲ ಒತ್ತಿದರೆ ಒಂದೇ ಗುಂಡು, ಮುಂದಿನದು ತಾನೇ ಬಂದು ಕೂರುತ್ತೆ ಅಷ್ಟೇ ಅಂತ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲವಾ ಅಂತ ಕೇಳಿದೆ. ಹೇಳಿರಬಹುದು, ಕಿವಿಯಲ್ಲಿ ಹತ್ತಿ ಇತ್ತು ಅಂದರು.

ಮುಂದಿನ ಭಾನುವಾರ ತರೀಕೆರೆಗೆ ಹೋದೆವು. ಅಜ್ಜನಿಗೆ ಎಂಬತ್ತರ ಹತ್ತಿರ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಗುಮಾಸ್ತರಾಗಿದ್ದವರು, ಕೂಲಿಯವರ ಸಂಬಳದ ಪೆಟ್ಟಿಗೆಯನ್ನು ಜೀಪಿನಲ್ಲಿ ಬೆಟ್ಟಕ್ಕೆ ಒಯ್ಯುವುದು ಅವರ ಕೆಲಸವಾಗಿತ್ತು. ಪಿಸ್ತೂಲು ಆಗಿನದು. ಈಗ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾರೆ. ಮನೆ ತುಂಬ ಗಲಾಟೆ, ಒಳಗೆ ಯಾವುದೋ ಮಗು ಮಗ್ಗಿ ಒಪ್ಪಿಸುತ್ತಿತ್ತು. ಸೊಸೆ ಕಾಫಿ, ನಿಪ್ಪಟ್ಟು ತಂದಿಟ್ಟರು. ಅಜ್ಜ ನಮ್ಮವರನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸತೊಡಗಿದರು. ಹೆಣ್ಣು ಕೇಳಲು ಬಂದ ಗಂಡನ್ನು ವಿಚಾರಿಸುವುದು ಹಾಗೆಯೇ. ಕುಡಿಯೋದುಂಟಾ? ಇಸ್ಪೀಟು? ಅಣ್ಣತಮ್ಮಂದಿರ ಜೊತೆ ಆಸ್ತಿ ಜಗಳ? ಅಕ್ಕಪಕ್ಕದವರು ಹೇಗೆ? ರಸ್ತೇಲಿ ಯಾರಾದ್ರೂ ಗಾಡಿ ತಾಗಿಸಿದ್ರೆ ಏನ್ಮಾಡ್ತೀರಿ? ನಮ್ಮವರು ಬಾಯಿ ತೆರೆಯುವುದರೊಳಗೆ ಎಲ್ಲದಕ್ಕೂ ನಾನೇ ಉತ್ತರ ಕೊಟ್ಟೆ. ಮನೇಲಿ ಸಿಟ್ಟು ಹೆಂಗೆ ಅಂತ ಕೇಳಿದಾಗ, ಯಾರಿಗ್ರೀ ಸಿಟ್ಟು ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. ಅಜ್ಜ ಏನೋ ನೆನಪಿಟ್ಟುಕೊಳ್ಳುವವರ ಹಾಗೆ ತಲೆಯಾಡಿಸಿದರು.

ನಮಗಿಂತ ಮೊದಲು ಬಂದವರ ಕಥೆಯನ್ನೂ ಹೇಳಿದರು. ಒಬ್ಬನು ಪಿಸ್ತೂಲನ್ನು ಕೈಗೆತ್ತಿಕೊಂಡ ತಕ್ಷಣ ಹಿಡಿದು ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡನಂತೆ. ಇನ್ನೊಬ್ಬನು ಎಷ್ಟು ದೂರ ಹೊಡೆಯುತ್ತೆ ಅಂತ ಕೇಳಿದನಂತೆ. ಮೂರನೆಯವನು ಒಳ್ಳೆಯವನೇ, ಆದರೆ ಹೊರಗೆ ಹೋಗಿ ಬೈಕ್ ಸ್ಟಾರ್ಟ್ ಆಗಲಿಲ್ಲ ಅಂತ ಅದನ್ನು ಒದ್ದನಂತೆ. ಅಜ್ಜ ಕಿಟಕಿಯಿಂದ ನೋಡಿದ್ದರು. ಅವನಿಗೂ ಇಲ್ಲ.

ಠಾಣೆಗೆ ಒಪ್ಪಿಸಿಬಿಡಬಹುದಲ್ಲ ಅಂದೆ. ಅಲ್ಲಿಂದ ಎಲ್ಲಿಗೆ ಹೋಗುತ್ತೋ ಏನೋ, ಯಾವ ಕೈಗೆ ಹೋಯಿತು ಅಂತ ನನಗೆ ಗೊತ್ತಿರಬೇಕು ಅಂದರು. ಆಮೇಲೆ ನಿಪ್ಪಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ನಿಧಾನವಾಗಿ ಹೇಳಿದರು:

"ಐವತ್ತು ವರ್ಷ ನನ್ ಹತ್ರ ಐತೆ. ಒಬ್ಬ ಮನುಷ್ಯನ ಕಡೀಕೂ ತಿರುಗಿಸಿಲ್ಲ. ನಾನು ಸತ್ ಮ್ಯಾಲೂ ಹಂಗೇ ಇರ್ಬೇಕು. ಅದೊಂದೇ ನನ್ನಾಸೆ."

ಬೆಟ್ಟ ಹತ್ತುವಾಗ ಪಿಸ್ತೂಲು ಅವರ ಸೊಂಟದಲ್ಲಿ, ಗುಂಡುಗಳು ಡ್ರೈವರ್ ಜೇಬಿನಲ್ಲಿ ಇರುತ್ತಿದ್ದವಂತೆ. ತನ್ನ ಕೋಪದ ಮೇಲೆ ತನಗೇ ನಂಬಿಕೆ ಇರಲಿಲ್ಲ ಅಂದರು. ಕೆಲಸದಲ್ಲಿದ್ದಷ್ಟು ವರ್ಷವೂ ಹಾಗೇ ದಾಟಿತು. ನಿವೃತ್ತಿಯಾದ ಮೇಲೂ ದಾಟಿತು. ನಾವು ಹೋಗುವುದಕ್ಕೆ ಒಂದು ವರ್ಷ ಮೊದಲು ಪಕ್ಕದ ಮನೆಯವರು ಕಾಂಪೌಂಡ್ ಕಟ್ಟುವಾಗ ಅಜ್ಜನ ನುಗ್ಗೆ ಮರದ ಕೊಂಬೆಯನ್ನು ಹೇಳದೆ ಕೇಳದೆ ಕಡಿದರು. ಕಾಯಿ ತುಂಬಿದ್ದ ಕೊಂಬೆ. ಮಾತಿಗೆ ಮಾತು ಬೆಳೆಯಿತು. ಅಜ್ಜ ಒಳಗೆ ಬಂದು ನೇರ ಬೀರುವಿನ ಹತ್ತಿರ ಹೋದರು. ಸುಮ್ಮನೆ ತೋರಿಸಿ ಬರೋಣ, ಹೆದರಲಿ, ಅಷ್ಟೇ ಅಂದುಕೊಂಡರಂತೆ. ಕನ್ನಡಕ ಸಿಗಲಿಲ್ಲ. ಕನ್ನಡಕ ಇಲ್ಲದೆ ಬೀಗದ ಕಂಡಿ ಕಾಣುತ್ತಿರಲಿಲ್ಲ. ಹಾಸಿಗೆ ಕೆಳಗೆ, ದೇವರ ಮನೆಯಲ್ಲಿ, ಬಚ್ಚಲಲ್ಲಿ ಎಲ್ಲ ಹುಡುಕಿದರು. ಹುಡುಕಿ ಹುಡುಕಿ ಸುಸ್ತಾಗಿ ಕೂತಾಗ ಕೋಪ ಇಳಿದುಹೋಗಿತ್ತು.

"ಕನ್ನಡಕ ಹಣೆ ಮ್ಯಾಲೇ ಇತ್ತು ಕಣ್ರೀ," ಅಂದರು. ನಗಲಿಲ್ಲ.

ನಾನು ನಗಲು ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ.

ಆಮೇಲೆ ಪಿಸ್ತೂಲು ತಂದರು. ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಕಪ್ಪನೆಯ ವಸ್ತು, ಹಿಡಿಯ ಒಂದು ಕಡೆ ಸವೆದು ನುಣ್ಣಗಾಗಿತ್ತು. ಒಳಗೆ ಗುಂಡಿಲ್ಲ ಅಂತ ತೋರಿಸಿ ಮೇಜಿನ ಮೇಲಿಟ್ಟರು. ನಮ್ಮವರು ಏನು ಮಾಡಬೇಕು? ಅಕ್ಕಸಾಲಿ ಬುದ್ಧಿ ಎಲ್ಲಿಗೆ ಹೋಗುತ್ತದೆ? ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಸಣ್ಣ ತೂಕದ ಮೆಷೀನು ಹೊರಗೆ ಬಂತು. ಪಿಸ್ತೂಲನ್ನು ಟವೆಲ್ಲಿನ ಸಮೇತ ಎರಡು ಬೆರಳಲ್ಲಿ ಎತ್ತಿ ಅದರ ಮೇಲಿಟ್ಟರೆ ತೂಕ ಜಾಸ್ತಿಯಾಗಿ ಮೆಷೀನು ಏನೂ ತೋರಿಸದೆ ಸುಮ್ಮನಾಯಿತು. ಕಲ್ಲೇನಾದ್ರೂ ಕೂರಿಸಿದೆಯಾ, ಅದರ ತೂಕ ಕಳೀಬೇಕು ಅಂದರು. ಹಳೇ ಮಾಲಾದ್ದರಿಂದ ಸವಕಳಿ ಎಷ್ಟು ಹಿಡೀತೀರಿ ಅಂತಲೂ ಕೇಳಿದರು. ಒರೆಗಲ್ಲು ತೆಗೆದಾಗ ಅಜ್ಜ ಪಿಸ್ತೂಲನ್ನು ಸಟಕ್ಕನೆ ತಮ್ಮ ಕಡೆಗೆ ಎಳೆದುಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಕೆಲಸ ಸರಿಯಾಗಿದೆಯೋ ಇಲ್ಲವೋ ತೋರಿಸುತ್ತೇನೆ ಅಂತ ಅಜ್ಜ ಪಿಸ್ತೂಲಿನ ಬಾಯಿ ಗೋಡೆಯ ಕಡೆಗೆ ಮಾಡಿ ಮೇಲಿನ ಭಾಗವನ್ನು ಹಿಂದಕ್ಕೆಳೆದು ಬಿಟ್ಟರು. ಕಟಕ್ ಅಂತು. ಅಷ್ಟೇ. ನೋಡುತ್ತೇನೆ, ಪಕ್ಕದಲ್ಲಿ ನಮ್ಮವರಿಲ್ಲ. ಕಾಫಿ ನನ್ನ ಸೀರೆಯ ಮೇಲಿತ್ತು, ಲೋಟ ನೆಲದ ಮೇಲಿತ್ತು, ಅವರು ಸೋಫಾದ ಹಿಂದಿದ್ದರು. ಹೊಸ ಸೀರೆ. ನಾನು ಏನೆಲ್ಲ ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ಒಳಗೆ ಮಗ್ಗಿ ಒಪ್ಪಿಸುತ್ತಿದ್ದ ಮಗು ಸುಮ್ಮನಾಯಿತು ಅಂದರೆ ಸಾಕು.

ಅಜ್ಜನ ಮುಖ ಅರಳಿತ್ತು. ಎದ್ದು ಹೋಗಿ ನಮ್ಮವರ ಕೈ ಹಿಡಿದು ಎಬ್ಬಿಸಿದರು.

"ಆಚಾರ್ರೇ, ಇದು ನಿಮಗೇ. ಆದ್ರೆ ಒಂದ್ ಮಾತು. ಬೀಗದ ಕೈ ಮಾತ್ರ ಈಯಮ್ಮನ ಕೈಗೆ ಯಾವತ್ತೂ ಕೊಡಬ್ಯಾಡಿ. ಈಯಮ್ಮ ನನ್ ಥರ."

ನಮ್ಮವರು ಹ್ಞೂಂ ಅಂದರು. ನನ್ನನ್ನು ಒಂದು ಮಾತೂ ಕೇಳದೆ ಹ್ಞೂಂ ಅಂದರು. ಲೈಸೆನ್ಸಿಗೆ ಅಲೆದದ್ದು ನಾನು, ಸೀರೆ ಹಾಳಾದದ್ದು ನನ್ನದು, ಮರ್ಯಾದೆ ಸಿಕ್ಕಿದ್ದು ಸೋಫಾದ ಹಿಂದೆ ಅವಿತವರಿಗೆ. ಕಡೂರು ಬರುವವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ.

ಇನ್ನು ಕಾಗದಪತ್ರ. ಮಾರುವವರು ಪಿಸ್ತೂಲಿನ ವಿವರ ಬರೆದು ಕೊಡಬೇಕಿತ್ತು. ಅಜ್ಜ ಹಳೇ ಗುಮಾಸ್ತರು, ಬೇರೆಯವರ ಕೈಯಲ್ಲಿ ಬರೆಸುವುದು ಅವರಿಗೆ ಅವಮಾನ. ಮುತ್ತಿನಂಥ ಅಕ್ಷರದಲ್ಲಿ ತಾವೇ ಬರೆದರು: ಹಳೇ ಮಾದರಿಯ ಪಿಸ್ತೂಲು ಒಂದು, ಕುದುರೆ ಸಮೇತ, ಸುಸ್ಥಿತಿಯಲ್ಲಿ. ಕೋವಿಯಲ್ಲಿ ಹಿಂದಕ್ಕೆ ಬಾಗಿ ಮುಂದಕ್ಕೆ ಬಡಿದು ಗುಂಡು ಸಿಡಿಸುವ ಪುಟ್ಟ ಕೊಂಡಿಗೆ ನಮ್ಮ ಕಡೆ ಹಳಬರು ಕುದುರೆ ಅನ್ನುತ್ತಾರೆ. ನಮಗೆಲ್ಲ ಗೊತ್ತು. ಕಚೇರಿಯಲ್ಲಿ ಆ ಕಡತ ಹಿಡಿದಿದ್ದವರು ಹೊಸದಾಗಿ ಬಂದಿದ್ದ ಬೇರೆ ಊರಿನವರು. ಅವರಿಗೆ ಹೇಗೆ ಗೊತ್ತಾಗಬೇಕು?

ಹದಿನೈದು ದಿನಕ್ಕೆ ಕಾಗದ ಬಂತು. ಸದರಿ ಕುದುರೆಯ ಬಣ್ಣ, ವಯಸ್ಸು ಮತ್ತು ಆರೋಗ್ಯ ಸ್ಥಿತಿಯನ್ನು ತಿಳಿಸತಕ್ಕದ್ದು. ನಾನು ಅವತ್ತು ಅಜ್ಜಂಪುರಕ್ಕೆ ಹೋಗಿದ್ದೆ. ಸರ್ಕಾರದ ಮೊಹರು ಕಂಡರೆ ನಮ್ಮವರಿಗೆ ಜ್ವರ ಬರುತ್ತದೆ. ನಾನು ಬರುವವರೆಗೂ ಕಾಯದೆ, ಅಜ್ಜನಿಗೆ ಫೋನು ಮಾಡಿ ಕೇಳಿಕೊಂಡು, ಉತ್ತರ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿಬಿಟ್ಟಿದ್ದರು. ಕುದುರೆ ಕಪ್ಪು ಬಣ್ಣ. ವಯಸ್ಸು ಐವತ್ತು ದಾಟಿದೆ. ಸ್ವಲ್ಪ ಬಿಗಿ ಹಿಡಿದಿದೆ, ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ.

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಎರಡನೇ ಕಾಗದ ಬಂತು. ಐವತ್ತು ವರ್ಷ ದಾಟಿದ ಕುದುರೆಯು ಜೀವಂತವಿರುವ ಬಗ್ಗೆ ಪಶುವೈದ್ಯಾಧಿಕಾರಿಯವರ ದೃಢೀಕರಣವನ್ನೂ, ಅಂಗಡಿಯಲ್ಲಿ ಅದನ್ನು ಕಟ್ಟಲು ಸ್ಥಳಾವಕಾಶವಿರುವ ಬಗ್ಗೆ ನಕ್ಷೆಯನ್ನೂ ಲಗತ್ತಿಸತಕ್ಕದ್ದು. ನಮ್ಮವರು ಸ್ಕೇಲು ಹಿಡಿದು ಅಂಗಡಿ ಅಳೆಯುತ್ತಿದ್ದಾಗ ನಾನು ಹಿಡಿದೆ. ಕುದುರೆ ಅಂದರೆ ಕೊಂಡಿ ಅಂತ ಗೊತ್ತಿದ್ದೂ ಯಾಕ್ರೀ ಅಳೀತಿದ್ದೀರಿ ಅಂದರೆ, ಕೇಳಿದಾರಲ್ಲ ಅಂದರು.

ನಾನೇ ಅಜ್ಜನ ಸೊಸೆಯಿಂದ ಪಿಸ್ತೂಲಿನ ಆ ಕೊಂಡಿಯ ಫೋಟೋ ಮೊಬೈಲಿಗೆ ತರಿಸಿಕೊಂಡು ಕಚೇರಿಗೆ ಹೋದೆ. ಜಗಳಕ್ಕೆ ತಯಾರಾಗಿ ಹೋಗಿದ್ದೆ, ಆದರೆ ಆ ಗುಮಾಸ್ತರು ಫೋಟೋ ನೋಡಿ, ನನ್ನ ಮುಖ ನೋಡಿ, ಮೇಜಿನ ಮೇಲೆ ತಲೆಯಿಟ್ಟು ನಗಲು ಶುರು ಮಾಡಿದರು. ನನಗೂ ನಗು ಬಂತು. ಆದರೆ ಕಡತಕ್ಕೆ ನಗು ಬರಬೇಕಲ್ಲ! ಕಡತದಿಂದ ಕುದುರೆಯನ್ನು ಹೊಡೆದುಹಾಕಬೇಕಾದರೆ ಮಾರುವವರು, ಕೊಳ್ಳುವವರು ಇಬ್ಬರೂ ಬಂದು ಸಹಿ ಮಾಡಬೇಕು, ಮೇಲಿನವರು ಒಪ್ಪಬೇಕು, ಮತ್ತೆ ಎಲ್ಲ ಮೊದಲಿನಿಂದ. ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳು ಅಜ್ಜ ಪಟ್ಟ ಪಾಡು ನನಗೆ ಆಗ ಪೂರ್ತಿ ಅರ್ಥವಾಗಿರಲಿಲ್ಲ. ಪಕ್ಕದ ಮನೆಯವರು ಕಾಂಪೌಂಡಿಗೆ ಬಣ್ಣ ಹೊಡೆಸುತ್ತಿದ್ದರು, ದಿನಾ ಕಿರಿಕಿರಿ. ಎರಡು ದಿನಕ್ಕೊಮ್ಮೆ ಫೋನು ಮಾಡಿ ಬೇಗ ತಗೊಂಡೋಗಿ ಕಣಮ್ಮ ಅನ್ನುತ್ತಿದ್ದರು. ಒಂದು ದಿನ, ಪೇಪರಿನಲ್ಲಿ ಏನು ಸುದ್ದಿ ಅಂತ ಮಾತಿಗೆ ಕೇಳಿದೆ. ಪೇಪರ್ ಓದಿ ಒಂದು ತಿಂಗಳಾಯಿತು ಅಂದರು. ಪಿಸ್ತೂಲು ಮನೆಯಿಂದ ಆಚೆ ಹೋಗುವವರೆಗೂ ಇಟ್ಟುಕೊಂಡಿರು ಅಂತ ಕನ್ನಡಕವನ್ನು ಸೊಸೆಗೆ ಕೊಟ್ಟುಬಿಟ್ಟಿದ್ದರಂತೆ.

ಕೊನೆಗೆ ಎಲ್ಲ ಮುಗಿದು ತರಲು ಹೋದ ದಿನ ಅಜ್ಜನ ಸೊಸೆ ನನಗೆ ಕುಂಕುಮ ಕೊಟ್ಟು, ರವಿಕೆ ಕಣ ಮಡಿಲಿಗೆ ಹಾಕಿದರು. ಅಜ್ಜ ಅದೇ ಟವೆಲ್ಲಿನಲ್ಲಿ ಪಿಸ್ತೂಲು ಸುತ್ತಿ ನಮ್ಮವರ ಕೈಗಿಟ್ಟರು, ಲೆಕ್ಕಕ್ಕೆ ಬರೆದಿದ್ದ ಹತ್ತು ಗುಂಡುಗಳನ್ನು ಬೇರೆ ಡಬ್ಬಿಯಲ್ಲಿ ಕೊಟ್ಟರು, ಆಮೇಲೆ ಸೊಸೆಯ ಕಡೆ ಕೈ ಚಾಚಿ ಕನ್ನಡಕ ಇಸಿದುಕೊಂಡು ಹಾಕಿಕೊಂಡರು. ಬಸ್ ನಿಲ್ದಾಣದಲ್ಲಿ ನಮ್ಮವರು ಚೀಲವನ್ನು ಎದೆಗವಚಿಕೊಂಡು, ಬೋರ್ಡು ನೋಡದೆ, ಮೊದಲು ಕಂಡ ಬಸ್ಸು ಹತ್ತಿದರು. ನಾನು ಹಿಂದೆಯೇ ಹತ್ತಿದೆ. ಇಳಿದು ನೋಡಿದರೆ ಅಮೃತಾಪುರ. ಬಂದದ್ದು ಬಂದೆವು ಅಂತ ದೇವಸ್ಥಾನಕ್ಕೆ ಹೋಗೋಣ ಅಂದೆ. ಆಯುಧ ಇಟ್ಟುಕೊಂಡು ಒಳಗೆ ಬರಬಹುದೋ ಇಲ್ಲವೋ ಅಂತ ಅವರು ಹೊರಗೇ ಬಿಸಿಲಲ್ಲಿ ನಿಂತರು.

ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡು ಓಡಾಡುವ ಗಂಡನ ಕನಸು ಅವತ್ತಿಗೇ ಮುಗಿಯಿತು. ಅವರು ಅದನ್ನು ಅಂಗಡಿಯ ತಿಜೋರಿಯಲ್ಲಿ ಇಟ್ಟರು, ಕೀಲಿಯನ್ನು ಬೆಳ್ಳಿ ಉಡಿದಾರಕ್ಕೆ ಸಿಕ್ಕಿಸಿಕೊಂಡರು. ಸ್ನಾನ ಮಾಡುವಾಗಲೂ ತೆಗೆಯುವುದಿಲ್ಲ. ಆಯುಧ ಪೂಜೆಯ ದಿನ ತಿಜೋರಿ ಬಾಗಿಲು ತೆರೆದು ನಾಲ್ಕು ಮಾರು ದೂರದಿಂದ ಸೇವಂತಿಗೆ ಎಸೆದರು. ಅರ್ಧ ಹೂವು ನನ್ನ ಮೇಲೆ ಬಿತ್ತು.

ಅಜ್ಜ ಪ್ರತಿ ಗುರುವಾರ ಸಂಜೆ ನಾಲ್ಕು ಗಂಟೆಗೆ ನನ್ನ ಮೊಬೈಲಿಗೆ ಫೋನು ಮಾಡುತ್ತಿದ್ದರು. ಕ್ಷೇಮಸಮಾಚಾರ ಏನೂ ಇಲ್ಲ. ಹಾರಿಸಿದ್ರಾ ಅಂತ ಕೇಳುವರು. ಇಲ್ಲ ಅನ್ನುವೆ. ಸರಿ ಅಂತ ಇಟ್ಟುಬಿಡುವರು. ನಮ್ಮವರ ನಂಬರ್ ಇದ್ದೂ ನನಗೇ ಮಾಡುತ್ತಿದ್ದರು ಅನ್ನುವುದನ್ನು ಗಮನಿಸಿ. ಪ್ರತಿ ಗುರುವಾರವೂ ನನಗೆ ಹೊಸದಾಗಿ ಸಿಟ್ಟು ಬರುತ್ತಿತ್ತು.

ಹೋದ ದೀಪಾವಳಿಯ ಹೊತ್ತಿಗೆ ನಮ್ಮ ಪಕ್ಕದ ಮಳಿಗೆಯಲ್ಲಿ ಮೊಬೈಲ್ ಅಂಗಡಿ ಬಂದು ವರ್ಷವಾಗಿತ್ತು. ಅದರ ಮಾಲೀಕನಿಗೆ ಮೂವತ್ತರ ಒಳಗೆ. ಹಬ್ಬದ ಆಫರ್ ಕೂಗಲು ಆಳೆತ್ತರದ ಸ್ಪೀಕರ್ ತಂದು ನಮ್ಮ ಮೆಟ್ಟಿಲ ಮೇಲೆ ಇಟ್ಟ. ಮೂರು ದಿನ ನಯವಾಗಿ ಹೇಳಿದೆ. ನಯವಾಗಿ ಅಂದರೆ ನನ್ನ ಮಟ್ಟಿಗೆ ನಯವಾಗಿ. ನಾಲ್ಕನೇ ದಿನ ಗುರುವಾರ, ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಗಿರಾಕಿಯೊಬ್ಬಳು ತಾನು ಹೇಳುವುದು ನನಗೆ ಕೇಳುತ್ತಿಲ್ಲ ಅಂತ ಎದ್ದು ಹೋದಳು. ನಾನು ಹೊರಗೆ ಬಂದು ಸ್ಪೀಕರಿನ ವೈರು ಎಳೆದೆ. ಅವನು ಬಂದು, ಜನ ಎಲ್ಲ ನೋಡುತ್ತಿರುವಾಗ, ನಗುತ್ತಾ, "ಅಜ್ಜಿ, ಒಳಗೋಗಿ ರೆಸ್ಟ್ ತಗಳಿ" ಅಂದ.

ನನಗೆ ನಲವತ್ತೊಂಬತ್ತು.

ಅವನ ಮಾತಲ್ಲ, ಸುತ್ತ ನಿಂತವರ ನಗು ಮಾತ್ರ ಕೇಳುತ್ತಿತ್ತು. ಒಳಗೆ ಬಂದೆ. ನಮ್ಮವರು ಯಾರಿಗೋ ಕಾಲುಂಗುರ ತೂಗುತ್ತಿದ್ದರು. ಅವರ ಮುಂದೆ ಕೈ ಚಾಚಿ ನಿಂತು, ಬೀಗದ ಕೈ ಕೊಡಿ ಅಂದೆ. ಅವರು ನನ್ನ ಮುಖ ನೋಡಿದರು. ತೋರಿಸಿ ಬರ್ತೀನಿ ಅಷ್ಟೇ, ಕೊಡಿ ಅಂದೆ.

ಅವರು ಎದ್ದರು. ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದರು, ಇನ್ನೊಂದು ಕೈಯಲ್ಲಿ ಸೊಂಟದ ಉಡಿದಾರ ಹಿಡಿದರು, ಗಲ್ಲಾದ ಹಲಗೆಯನ್ನು ಹಾರಿ, ಗಿರಾಕಿಯ ಮಂಡಿ ದಾಟಿ, ಮೆಟ್ಟಿಲಿಳಿದು, ರಸ್ತೆಗೆ ಬಿದ್ದು ಓಡಿದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮನುಷ್ಯ ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿಲ್ಲ. ಬಸ್ ನಿಲ್ದಾಣದಿಂದ ಆಗ ತಾನೇ ಹೊರಟಿದ್ದ ಬೀರೂರು ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಯೇಬಿಟ್ಟರು. ಅವರ ಚಪ್ಪಲಿ ಬಾಗಿಲಲ್ಲೇ ಇದ್ದವು. ತಕ್ಕಡಿಯಲ್ಲಿ ಕಾಲುಂಗುರ ಇನ್ನೂ ಅಲ್ಲಾಡುತ್ತಿತ್ತು.

ಸ್ಪೀಕರ್ ಮತ್ತೆ ಶುರುವಾಯಿತು. ನಾನು ಗಿರಾಕಿಯನ್ನು ಕಳಿಸಿ, ಶಟರ್ ಎಳೆದು, ಚಪ್ಪಲಿಯನ್ನು ಒಂದು ಕವರಿಗೆ ಹಾಕಿಕೊಂಡು ಮುಂದಿನ ಬಸ್ಸಿಗೆ ಬೀರೂರಿಗೆ ಹೋದೆ. ದಾರಿಯುದ್ದಕ್ಕೂ ಸಿಟ್ಟು. ಎಂಥಾ ಗಂಡ, ಹೆಂಡತಿಗೆ ಮರ್ಯಾದೆ ಹೋಗುವಾಗ ಓಡಿಹೋಗುವ ಗಂಡ.

ಬೀರೂರಿನ ಬಸ್ ನಿಲ್ದಾಣದಲ್ಲಿ ಹುಡುಕಿದರೆ ಇಲ್ಲ, ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಕೊನೇ ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ದೂರದಿಂದ ನೋಡಿದ ಕೂಡಲೇ ಎದ್ದು, ಅಲ್ಲಿ ನಿಂತಿದ್ದ ರೈಲಿನ ಬಾಗಿಲ ಕಂಬಿ ಹಿಡಿದುಕೊಂಡರು. ಅದು ಎಲ್ಲಿಗೆ ಹೋಗುವ ರೈಲು ಅಂತ ಅವರಿಗೂ ಗೊತ್ತಿರಲಿಲ್ಲ. ನಾನು ಚಪ್ಪಲಿಯನ್ನು ಎತ್ತಿ ತೋರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ ಕಂಬಿ ಬಿಟ್ಟರು, ಉಡಿದಾರ ಮಾತ್ರ ಬಿಡಲಿಲ್ಲ. ಪಕ್ಕದಲ್ಲಿ ಕೂತೆ. ಪಾದಕ್ಕೆಲ್ಲ ಜಲ್ಲಿ ಚುಚ್ಚಿ ರಕ್ತ ಬಂದಿತ್ತು.

ಸುಮ್ನೆ ತೋರಿಸೋಕೆ ಕೇಳಿದ್ದು ಕಣ್ರೀ ನಾನು ಅಂದೆ.

ಅವರು ನೆಲ ನೋಡಿಕೊಂಡೇ ಹೇಳಿದರು, "ಆ ಅಜ್ಜನೂ ತೋರ್ಸೋಕೇ ಅಂತ ಎದ್ದಿದ್ದು ಕಣೇ."

ಅಂಗಡಿಯಲ್ಲಿ ಚಾಚಿದ್ದ ಕೈಯನ್ನು ನೋಡಿಕೊಂಡೆ. ಚಾಚಿದಾಗ ಅದು ಒಂದಿಷ್ಟೂ ನಡುಗಿರಲಿಲ್ಲ. ಆ ಹುಡುಗನ ನಗುಮುಖ ಕಣ್ಣಿಗೆ ಕಟ್ಟಿತು. ಅವನ ಮದುವೆಯಾಗಿ ಇನ್ನೂ ಆರು ತಿಂಗಳು. ಪಕ್ಕದ ಅಂಗಡಿ ಅಂತ ನಮಗೂ ಲಗ್ನಪತ್ರಿಕೆ ಕೊಟ್ಟಿದ್ದ.

ಆಗ ಮೊಬೈಲ್ ಹೊಡೆದುಕೊಂಡಿತು. ನಾಲ್ಕು ಗಂಟೆ, ಗುರುವಾರ. ಎತ್ತಿದೆ.

"ಹಾರಿಸಿದ್ರಾ?"

ಸುಳ್ಳು ಹೇಳಬಹುದಿತ್ತು. ಇಲ್ಲ ಅಂದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೂ ಎಲ್ಲ ಹೇಳಿದೆ. ಸ್ಪೀಕರ್, ಅಜ್ಜಿ ಅಂದದ್ದು, ಕೈ ಚಾಚಿದ್ದು, ಇವರು ಬೀಗದ ಕೈ ಸಮೇತ ಬರಿಗಾಲಲ್ಲಿ ಬೀರೂರಿಗೆ ಓಡಿಬಂದದ್ದು. ಆ ಕಡೆ ಮಗು ಮಗ್ಗಿ ಹೇಳುವುದು ಕೇಳುತ್ತಿತ್ತು.

"ನಂಗೆ ಹಿಂಗೆ ಓಡಿಹೋಗೋರು ಯಾರೂ ಇರ್ಲಿಲ್ಲ ಕಣಮ್ಮ," ಅಂದರು ಅಜ್ಜ. ಆಮೇಲೆ, "ಆಫೀಸ್ನೋರು ಸರಿಯಾಗೇ ಕೇಳಿದ್ರು, ನಾವೇ ನಕ್ಕಿದ್ದು. ಓಡೋ ಕುದುರೆ ನಿಮ್ಮನೇಲೇ ಐತೆ. ಚೆನ್ನಾಗ್ ನೋಡ್ಕೊ."

ಏನಂತೆ ಅಂತ ನಮ್ಮವರು ಕೇಳಿದರು. ಏನಿಲ್ಲ, ನಿಮ್ಮ ಕಾಲಿಗೆ ಎಣ್ಣೆ ಹಚ್ಚಬೇಕಂತೆ ಅಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಜನ ನೋಡುತ್ತಾರೆ ಅಂತ ಅವರು ಹೆದರಿ ಅತ್ತಿತ್ತ ನೋಡಿದರು. ನಾನು ಬಗ್ಗಿ ಸೆರಗಿನಿಂದ ಅವರ ಪಾದ ಒರೆಸಿ ಚಪ್ಪಲಿ ತೊಡಿಸಿದೆ.

ಕಡೂರಿನಲ್ಲಿ ಬಸ್ಸಿಳಿದು ಅಂಗಡಿಗೆ ಬಂದಾಗ ಸ್ಪೀಕರ್ ಇನ್ನೂ ಕೂಗುತ್ತಿತ್ತು. ಶಟರ್ ಎತ್ತುತ್ತಿದ್ದಂತೆ ಆ ಹುಡುಗ ಬಾಗಿಲಿಗೆ ಬಂದು, ಏನಜ್ಜಿ, ರೆಸ್ಟ್ ಆಯ್ತಾ ಅಂತ ಕೇಳಿದ. ನಮ್ಮವರ ಕೈ ಸಟ್ಟನೆ ಉಡಿದಾರಕ್ಕೆ ಹೋಯಿತು, ಒಂದು ಕಾಲು ಆಗಲೇ ಮೆಟ್ಟಿಲ ಕೆಳಗಿತ್ತು.

ಆಯ್ತಪ್ಪ ಅಂದೆ. ಅವರ ತೋಳು ಹಿಡಿದುಕೊಂಡು ಒಳಗೆ ಹೋದೆ.